ಬಾಣಂತಿ ಕೋಣೆಯ ಗಾಳಿ

ಹದಿನಾರು ವರ್ಷಗಳಿಂದ ನಾನು ಈ ದೇಶದಲ್ಲಿ ಗಾಳಿಯನ್ನು ತಣ್ಣಗೆ ಮಾಡುವ ಕೆಲಸದಲ್ಲಿದ್ದೇನೆ. ಕಟ್ಟಡದೊಳಗೆ ಎಸಿಯ ತಗಡಿನ ಡಕ್ಟ್‌ಗಳು ಎಲ್ಲಿಂದ ಎಲ್ಲಿಗೆ ಹೋಗಬೇಕು, ಯಾವ ಕೋಣೆಗೆ ಎಷ್ಟು ಗಾಳಿ ಬೀಳಬೇಕು ಎಂದು ಡ್ರಾಯಿಂಗ್ ಮಾಡುವುದು ನನ್ನ ಹೊಟ್ಟೆಪಾಡು. ದುಬೈಯ ಎತ್ತರದ ಟವರ್‌ಗಳಿಂದ ಹಿಡಿದು ಅಲ್ ಐನ್‌ನ ಶಾಲೆಗಳವರೆಗೆ ಎಲ್ಲರೂ ನನ್ನ ಬಳಿ ಕೇಳಿದ್ದು ಒಂದೇ, ತಂಪು. ಬಿಸಿ ಬೇಕು ಎಂದು ಮೊದಲು ಕೇಳಿದವರು ನನ್ನ ಅತ್ತೆ.

ಮದುವೆಯಾಗಿ ಒಂಬತ್ತು ವರ್ಷಗಳ ಮೇಲೆ ನಮಗೆ ಮಗಳು ಹುಟ್ಟಿದಳು. ಜನವರಿಯ ಮೊದಲ ವಾರ, ಅಲ್ ಐನ್‌ನಲ್ಲಿ. ನನ್ನ ಹೆಂಡತಿ ನರ್ಸ್. ಒಂಬತ್ತು ವರ್ಷ ಬೇರೆಯವರ ಮಕ್ಕಳನ್ನು ಎತ್ತಿ ತಾಯಂದಿರ ಕೈಗೆ ಕೊಟ್ಟವಳು, ತನ್ನ ಮಗುವನ್ನು ಕೈಗೆ ಕೊಟ್ಟಾಗ "ಇದು ನನ್ನದಾ? ಸರಿಯಾಗಿ ನೋಡಿ ಕೊಡಿ" ಎಂದು ತನ್ನ ಜೊತೆಯ ನರ್ಸನ್ನೇ ಕೇಳಿದಳಂತೆ.

ಆ ದಿನ ನನ್ನ ತಲೆ ನೆಟ್ಟಗಿರಲಿಲ್ಲ. ಲಿಫ್ಟಿನಲ್ಲಿ ಸಿಕ್ಕಿದವರಿಗೆಲ್ಲ "ಹೆಣ್ಣು ಮಗು" ಎಂದೆ. ಒಬ್ಬ ಅರಬ್ ಅಜ್ಜ "ಮಬ್ರೂಕ್, ಮಬ್ರೂಕ್" ಎಂದು ನನ್ನ ಭುಜ ಹಿಡಿದು ಅಲ್ಲಾಡಿಸುತ್ತ ತನ್ನ ಮಹಡಿ ಬಂದರೂ ಇಳಿಯದೆ ನನ್ನ ಜೊತೆ ಒಂದು ಸುತ್ತು ಮೇಲೆ ಹೋಗಿ ಕೆಳಗೆ ಬಂದ. ಪಾರ್ಕಿಂಗಿನಲ್ಲಿ ಯಾರದೋ ಕಾರಿನ ಬಾಗಿಲನ್ನು ಎಳೆಯುತ್ತ ಬಹಳ ಹೊತ್ತು ನಿಂತಿದ್ದೆ. ಆಫೀಸಿನಿಂದ ಹೊಸ ಡ್ರಾಯಿಂಗ್ ಕಳಿಸು ಎಂದು ಮೆಸೇಜ್ ಬಂದಿತ್ತು, ಮನೆಯವರ ಗ್ರೂಪಿನಲ್ಲಿ ಮಗುವಿನ ಫೋಟೋ ಕಳಿಸು ಎಂದು. ಎರಡನ್ನೂ ತಕ್ಷಣ ಕಳಿಸಿದೆ. ಮಗುವಿನ ಫೋಟೋ ಆಫೀಸಿಗೆ ಹೋಯಿತು, ಒಂದು ಶಾಲೆಯ ಅಡುಗೆಕೋಣೆಯ ಡಕ್ಟ್ ಡ್ರಾಯಿಂಗ್ ಮನೆಯವರಿಗೆ. ಕಾರ್ಕಳದ ನನ್ನ ಚಿಕ್ಕಪ್ಪ ಕನ್ನಡಕ ಹಾಕದೆ ನೋಡಿ "ಥೇಟ್ ಅಪ್ಪನ ಹಾಗೆ" ಎಂದು ಬರೆದರು. ಮ್ಯಾನೇಜರ್ "ಅಪ್ರೂವ್ಡ್" ಎಂದು ಉತ್ತರ ಕೊಟ್ಟ.

ಬಾಣಂತನಕ್ಕೆಂದು ಅತ್ತೆ ಹತ್ತು ದಿನ ಮುಂಚೆಯೇ ವಿಸಿಟ್ ವೀಸಾದಲ್ಲಿ ಬಂದಿದ್ದರು. ಅವರನ್ನು ನಾನು ಮಾಂಯ್ ಎನ್ನುತ್ತೇನೆ. ನಮ್ಮ ಮನೆಮಾತು ಕೊಂಕಣಿ. ಆದರೆ ಮಾಂಯ್ ಮೂವತ್ತು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದವರು. ಪ್ರೀತಿಗೆ ಕೊಂಕಣಿ, ಬೈಯುವುದಕ್ಕೆ ಕನ್ನಡ ಎಂದು ಎರಡು ಕಪಾಟು ಮಾಡಿಕೊಂಡಿದ್ದರು. ಅವರು ಕನ್ನಡಕ್ಕೆ ತಿರುಗಿದರೆಂದರೆ ನಾನು ಕೈಕಟ್ಟಿ ನಿಲ್ಲಬೇಕು. ಆ ಚಳಿಗಾಲವಿಡೀ ನಮ್ಮ ಮನೆಯಲ್ಲಿ ಹೆಚ್ಚಾಗಿ ಕನ್ನಡವೇ ನಡೆಯಿತು.

ನಾವಿರುವುದು ಒಂದು ಹಳೆಯ ವಿಲ್ಲಾದ ಕೆಳಗಿನ ಭಾಗದಲ್ಲಿ. ನೆಲಕ್ಕೆಲ್ಲ ಟೈಲ್ಸ್, ಎತ್ತರದ ಛಾವಣಿ, ತೆಳುವಾದ ಗಾಜಿನ ಕಿಟಕಿಗಳು. ಬೇಸಿಗೆಗೆಂದೇ ಕಟ್ಟಿದ ಮನೆ. ಜನವರಿಯಲ್ಲಿ ಮುಂಜಾನೆ ಎದ್ದು ಕಾಲು ಕೆಳಗಿಟ್ಟರೆ ಮೀನು ಮಾರುಕಟ್ಟೆಯ ಐಸಿನ ಮೇಲೆ ಇಟ್ಟಂತೆ. ಮಾಂಯ್ ಮೊದಲ ದಿನವೇ ಎರಡು ಜೊತೆ ಸಾಕ್ಸ್ ಹಾಕಿಕೊಂಡು ನನ್ನೆದುರು ನಿಂತರು.

"ಮರುಭೂಮಿ ಅಂದ್ರೆ ಬೆಂಕಿ ಅಂತ ಮಕ್ಕಳಿಗೆ ಮೂವತ್ತು ವರ್ಷ ಪಾಠ ಮಾಡಿದ್ದೇನೆ ನಾನು. ಇದೆಂತ ಇದು?"

"ಚಳಿಗಾಲ ಮಾಂಯ್. ಎರಡು ತಿಂಗಳು ಹೀಗೇ."

"ಮೇಲೆ ಅಷ್ಟು ದೊಡ್ಡ ಎಸಿ ಉಂಟಲ್ಲ, ಅದನ್ನು ಬಿಸಿಗೆ ತಿರುಗಿಸು."

"ಅದು ಬರೀ ತಂಪು ಮಾಡುವಂಥದ್ದು."

ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಊರಿಗೆಲ್ಲ ಗಾಳಿ ಹಂಚುವವನ ಮನೆಯಲ್ಲಿ ಬಾಣಂತಿಗೆ ಬಿಸಿಗಾಳಿ ಇಲ್ಲ. ಚಂದ ಉಂಟು."

ಮಗು ಮನೆಗೆ ಬಂದ ದಿನ ಮಾಂಯ್ ಕೋಣೆಯನ್ನು ತಮ್ಮ ಸುಪರ್ದಿಗೆ ತೆಗೆದುಕೊಂಡರು. ಕಿಟಕಿಯ ಸಂದುಗಳಿಗೆಲ್ಲ ಟೇಪು ಅಂಟಿಸಿದರು. ಬಾಗಿಲ ಕೆಳಗೆ ಹಳೆಯ ಟವೆಲ್ ಸುತ್ತಿ ತುರುಕಿದರು. ಮೇಲಿನ ಮಹಡಿಯಲ್ಲಿ ಭಟ್ಕಳದ ಒಂದು ಕುಟುಂಬವಿದೆ. ಯಜಮಾನರಿಗೆ ಬಟ್ಟೆ ವ್ಯಾಪಾರ, ನಾವು ಅವರನ್ನು ಭಾಯ್ ಎನ್ನುತ್ತೇವೆ, ಅವರ ಹೆಂಡತಿಯನ್ನು ಭಾಭಿ. ಆ ಭಾಭಿ ತಮ್ಮ ಆಯಿಲ್ ಹೀಟರನ್ನು ತಾವೇ ಕೆಳಗೆ ಉರುಳಿಸಿಕೊಂಡು ಬಂದು ಕೊಟ್ಟರು. ಮಾಂಯ್ ಅದನ್ನು ಕೊನೆಯ ಗುರುತಿನವರೆಗೆ ತಿರುಗಿಸಿದರು. ಕೋಣೆ ಬೆಚ್ಚಗಾಯಿತು. ಹಾಗೆಯೇ ಬಿಗಿಯೂ ಆಯಿತು. ಬಾಣಂತಿ ಸ್ನಾನದ ಹಬೆ, ಎಣ್ಣೆ, ಒಣಗಲು ಹಾಕಿದ ಮಗುವಿನ ಬಟ್ಟೆ, ಮೂರು ಜನರ ಉಸಿರು, ಎಲ್ಲ ಒಳಗೇ. ಎರಡನೆಯ ಬೆಳಿಗ್ಗೆ ಕಿಟಕಿಯ ಗಾಜಿನಿಂದ ನೀರು ಇಳಿಯುತ್ತಿತ್ತು. ಒಂದು ವಾರದಲ್ಲಿ ಕಪಾಟಿನ ಹಿಂದಿನ ಗೋಡೆಯಲ್ಲಿ ಕಪ್ಪು ಚುಕ್ಕಿಗಳು ಕಾಣಿಸಿದವು.

"ಇದು ಬೂಷ್ಟು," ಎಂದಳು ಹೆಂಡತಿ. "ಮಗುವಿನ ಎದೆಗೆ ಒಳ್ಳೆಯದಲ್ಲ. ಕಿಟಕಿ ತೆಗೀರಿ."

"ತೆಗೆದ್ರೆ ನಾನು ಇವತ್ತೇ ಊರಿಗೆ ಹೋಗ್ತೇನೆ," ಎಂದರು ಮಾಂಯ್.

ನಾನು ಬಾಗಿಲಲ್ಲಿ ನಿಂತು ಇಬ್ಬರಿಗೂ ತಲೆಯಾಡಿಸಿದೆ.

ಆ ಶನಿವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಮೆಂತೆ ಗಂಜಿ ಕದಡುತ್ತಿದ್ದೆ. ಮಾಂಯ್ ಊರಿನಿಂದ ತಂದ ಸಾಂಬ್ರಾಣಿಯನ್ನು ಕೆಂಡದ ಮೇಲೆ ಹಾಕಿ, ಹೊಗೆಯಾಡುವ ಮಣ್ಣಿನ ಬಟ್ಟಲನ್ನು ಹಿಡಿದು, ಟವೆಲ್ ಸರಿಸಿ ಬಾಣಂತಿ ಕೋಣೆಗೆ ನುಗ್ಗಿದರು. ಅರ್ಧ ನಿಮಿಷವೂ ಆಗಿರಲಿಲ್ಲ. ಛಾವಣಿಯ ಹೊಗೆ ಅಲಾರಂ ಕಿರುಚತೊಡಗಿತು. ಮಗು ಅದಕ್ಕಿಂತ ಜೋರಾಗಿ ಕಿರುಚಿತು. ಹೆಂಡತಿ ತಲೆಗೆ ಕಟ್ಟಿದ ಬಟ್ಟೆಯ ಸಮೇತ ಮಗುವನ್ನು ಅಪ್ಪಿಕೊಂಡು ಅಂಗಳಕ್ಕೆ ಬಂದಳು. ಮಾಂಯ್ ಬಟ್ಟಲಿನ ಸಮೇತ ಅವಳ ಹಿಂದೆಯೇ ಓಡಿದರು. ಆದ್ದರಿಂದ ಹೊಗೆಯೂ ಅಂಗಳಕ್ಕೆ ಬಂತು. ಮೇಲಿನಿಂದ ಭಾಯ್ ಲುಂಗಿಯಲ್ಲೇ ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಹಿಡಿದು ಮೆಟ್ಟಿಲಿಳಿದರು.

"ಎಲ್ಲಿ? ಬೆಂಕಿ ಎಲ್ಲಿ?" ಎನ್ನುತ್ತ ಸಿಲಿಂಡರಿನ ಮೂತಿಯನ್ನು ನೇರವಾಗಿ ಮಾಂಯ್ ಕಡೆಗೆ ತಿರುಗಿಸಿದರು.

"ಒತ್ತಬೇಡಿ!" ಎಂದು ಮಾಂಯ್ ತರಗತಿಯ ದನಿಯಲ್ಲಿ ಆಜ್ಞೆ ಮಾಡಿದರು. ಭಾಯ್ ಹಾಗೇ ಕಲ್ಲಾಗಿ ನಿಂತರು.

ಹೆಂಡತಿ ನಗತೊಡಗಿದಳು. ಹೊಲಿಗೆ ಇನ್ನೂ ಹಸಿಯಾಗಿತ್ತು. "ಅಯ್ಯೋ, ನಗಿಸ್ಬೇಡಿ ಮಾರಾಯ್ರೆ, ಎಳೀತದೆ" ಎಂದು ಹೊಟ್ಟೆ ಹಿಡಿದುಕೊಂಡು, ಅಳುತ್ತ, ನಗುತ್ತ, ಗೋಡೆಗೆ ಒರಗಿದಳು. ನಗು ಇಳಿದ ಮೇಲೆ ಅವಳ ಮುಖ ಗಂಭೀರವಾಯಿತು. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿದವರನ್ನು ಆಸ್ಪತ್ರೆಗೆ ತಂದದ್ದನ್ನು ತಾನು ನೋಡಿದ್ದೇನೆ ಎಂದಳು. ಕೆಂಡದ ಗಾಳಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ತೆಗೆಯುತ್ತದೆ ಎಂದಳು. "ಇನ್ನು ಈ ಮನೆಯೊಳಗೆ ಕೆಂಡ ಇಲ್ಲ. ಖಲಾಸ್."

ಮಾಂಯ್ ಬಟ್ಟಲಿಗೆ ನೀರು ಸುರಿದರು. ಅವರು ಮಗಳ ಮಾತಿಗೆ ಒಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅವತ್ತಿನಿಂದ ಮಗಳ ಮಾತೂ ಸ್ವಲ್ಪ ನಡೆಯಲು ಶುರುವಾಯಿತು. ಆ ಕೋಣೆಗೆ ಸೇರಿದ ಬಾತ್‌ರೂಮಿನ ಎಕ್ಸಾಸ್ಟ್ ಫ್ಯಾನನ್ನು ಹಗಲಿಡೀ ಓಡಿಸಿ, ಮಾಂಯ್ ಬಾಗಿಲ ಕೆಳಗಿನ ಟವೆಲ್ ತೆಗೆದರು. ಗಾಜಿನ ಬೆವರು ಕಡಿಮೆಯಾಯಿತು, ಆದರೆ ಹೀಟರ್ ಎಷ್ಟು ಉರಿದರೂ ಕೋಣೆ ಬೆಚ್ಚಗಾಗಲಿಲ್ಲ. ಏಕೆಂದು ತಿಳಿಯಲು ನಾನು ಮನೆಯ ಹಿಂಭಾಗಕ್ಕೆ ಹೋದೆ. ಎಕ್ಸಾಸ್ಟ್ ಫ್ಯಾನಿನ ತೂತಿನ ಕೆಳಗೆ ಬೀದಿಯ ಏಳು ಬೆಕ್ಕುಗಳು ಕಣ್ಣು ಮುಚ್ಚಿ, ಕಾಲು ಮಡಚಿ, ಸಾಲಾಗಿ ಕುಳಿತಿದ್ದವು. ಒಳಗಿನ ಬೆಚ್ಚನೆಯ ಗಾಳಿಯೆಲ್ಲ ಅವುಗಳ ಬೆನ್ನ ಮೇಲೆ ಬೀಳುತ್ತಿತ್ತು. ಒಂದು ದಪ್ಪ ಕಂದು ಬೆಕ್ಕು ಒಂದು ಕಣ್ಣು ತೆರೆದು, ಬಾಗಿಲು ಹಾಕಿಕೊಂಡು ಹೋಗು ಎಂಬಂತೆ ನನ್ನನ್ನು ನೋಡಿತು.

ನಾನು ಒಳಗೆ ಹೋಗಿ ವರದಿ ಒಪ್ಪಿಸಿದೆ.

"ಅಂದ್ರೆ ನಾವು ಬಾಣಂತನ ಮಾಡ್ತಿರುವುದು ಬೆಕ್ಕುಗಳಿಗೆ," ಎಂದಳು ಹೆಂಡತಿ.

"ಏಳು ಬೆಕ್ಕು!" ಎಂದರು ಮಾಂಯ್. "ಅವುಗಳಿಗೂ ಮೆಂತೆ ಗಂಜಿ ಮಾಡ್ಲಾ?"

ಬೆಕ್ಕುಗಳನ್ನು ನೋಡಿದ ಮೇಲೆ ನನ್ನ ಮಂಕು ತಲೆಗೆ ನನ್ನದೇ ಕೆಲಸ ನೆನಪಾಯಿತು. ದುಬೈಯ ದೊಡ್ಡ ಕಟ್ಟಡಗಳಲ್ಲಿ ನಾವು ದಿನವೂ ಮಾಡುವುದು ಇದನ್ನೇ, ಆದರೆ ತಂಪಿಗೆ. ಹೊರಗಿನ ಹೊಸ ಗಾಳಿ ಒಳಗೆ ಬರಲೇಬೇಕು, ಹಳೆಯದು ಹೊರಗೆ ಹೋಗಲೇಬೇಕು. ಹೋಗುವ ತಣ್ಣನೆಯ ಗಾಳಿಯನ್ನು ಸುಮ್ಮನೆ ಬಿಡದೆ, ಬರುವ ಬಿಸಿ ಗಾಳಿಯ ಪಕ್ಕದಿಂದ ಹಾಯಿಸುತ್ತೇವೆ. ನಡುವೆ ತೆಳುವಾದ ಅಲ್ಯೂಮಿನಿಯಂ ಹಾಳೆಗಳ ಒಂದು ಗೂಡು. ಗಾಳಿಗೆ ಗಾಳಿ ಬೆರೆಯುವುದಿಲ್ಲ, ತಂಪು ಮಾತ್ರ ದಾಟುತ್ತದೆ. ಬಿಸಿಯಾದರೆ ಬಿಸಿಯೂ ದಾಟಬೇಕಲ್ಲ! ಇಷ್ಟು ಸಣ್ಣ ವಿಷಯ ನನಗೆ ಹೊಳೆಯಲು ಏಳು ಬೆಕ್ಕು ಬೇಕಾದವು.

ಮಾರನೆಯ ದಿನ ಸನಾಯ್ಯಾಗೆ ಹೋದೆ. ಊರಿನ ಕೈಗಾರಿಕಾ ಭಾಗವನ್ನು ಇಲ್ಲಿ ಎಲ್ಲರೂ ಕರೆಯುವುದು ಹಾಗೆ, ನಮ್ಮ ಕಂಪನಿಯ ಸ್ಟೋರ್ ಇರುವುದು ಅಲ್ಲಿ. ಗಿರಾಕಿಗಳಿಗೆ ತೋರಿಸಲು ತಂದು ಮೂಲೆಗೆ ಬಿದ್ದಿದ್ದ ಅಂಥದ್ದೇ ಒಂದು ಸಣ್ಣ ಗೂಡು ಇತ್ತು, ಹೆಚ್ಚು ಕಡಿಮೆ ಒಂದು ಸೂಟ್‌ಕೇಸಿನಷ್ಟು. ಮ್ಯಾನೇಜರಿಗೆ ಫೋನ್ ಮಾಡಿ ತೆಗೆದುಕೊಳ್ಳಲಾ ಎಂದು ಕೇಳಿದೆ.

"ಯಾವ ಸೈಟಿಗೆ?"

"ಮಗಳಿಗೆ."

"ಅಪ್ರೂವ್ಡ್," ಎಂದ ಆತ ನಗುತ್ತ.

ಆ ದಿನ ಸಂಜೆ ಅಂಗಳದಲ್ಲಿ ಪ್ಲೈವುಡ್ಡು, ಎರಡು ಸಣ್ಣ ಫ್ಯಾನು, ಬೆಳ್ಳಿ ಬಣ್ಣದ ಮಡಚುವ ಪೈಪು, ಗೂಡು, ಎಲ್ಲವನ್ನೂ ಹರಡಿಕೊಂಡು ಕುಳಿತೆ. ಎಷ್ಟೋ ಕಟ್ಟಡಗಳಿಗೆ ಡ್ರಾಯಿಂಗ್ ಮಾಡಿದ್ದೇನೆ, ಒಂದಕ್ಕೂ ಸ್ಕ್ರೂ ತಿರುಗಿಸಿದವನಲ್ಲ. ಆದರೂ ಕೈ ಕುಣಿಯುತ್ತಿತ್ತು. ಶಿಳ್ಳೆ ಹಾಕುತ್ತಿದ್ದೆನಂತೆ, ಭಾಭಿ ಆಮೇಲೆ ಹೇಳಿದರು. ಕಿಟಕಿಯ ಒಂದು ಬಾಗಿಲು ತೆಗೆದು ಅಲ್ಲಿ ಪ್ಲೈವುಡ್ ಕೂರಿಸಿ, ಅದರಲ್ಲಿ ದೂರದೂರಕ್ಕೆ ಎರಡು ತೂತು ಮಾಡಿದೆ. ಒಂದರಲ್ಲಿ ಹಳೆಯ ಗಾಳಿ ಹೋಗಬೇಕು, ಇನ್ನೊಂದರಲ್ಲಿ ಹೊಸದು ಬರಬೇಕು. ಗೂಡು, ಫ್ಯಾನುಗಳನ್ನು ಪ್ಲೈವುಡ್ಡಿನ ಒಂದು ಪೆಟ್ಟಿಗೆಯೊಳಗೆ ಜೋಡಿಸಿ, ಪೈಪಿನಿಂದ ಆ ತೂತುಗಳಿಗೆ ಸೇರಿಸಿದೆ. ಹೊಸ ಗಾಳಿಯ ಪೈಪಿನ ಬಾಯಿಯನ್ನು ಹೀಟರಿನ ನೆತ್ತಿಯ ಮೇಲೆ ಇಟ್ಟೆ. ಗೂಡಿನಲ್ಲಿ ಅರ್ಧ ಬೆಚ್ಚಗಾಗಿ ಬಂದದ್ದು ಹೀಟರಿನ ಬಿಸಿಯ ಜೊತೆ ಸೇರಿಯೇ ಮಂಚದ ಕಡೆಗೆ ಹೋಗಲಿ ಎಂದು.

ಸ್ವಿಚ್ ಹಾಕಿದೆ. ಎರಡೂ ಫ್ಯಾನುಗಳು ಸಣ್ಣಗೆ ಗುಂಯ್‌ಗುಟ್ಟಿದವು. ನಾವು ಮೂವರೂ ಉಸಿರು ಬಿಗಿಹಿಡಿದು ನೋಡುತ್ತಿದ್ದೆವು. ಎರಡು ನಿಮಿಷದಲ್ಲಿ ಕೋಣೆಯ ತುಂಬ ಹುರಿದ ಬಂಗುಡೆಯ ವಾಸನೆ.

"ಎಂತ ಮೆಷಿನ್ ಇದು?" ಎಂದರು ಮಾಂಯ್.

ಒಂದು ಫ್ಯಾನನ್ನು ನಾನು ತಿರುಗುಮುರುಗಾಗಿ ಕೂರಿಸಿದ್ದೆ. ಎರಡೂ ಗಾಳಿಯನ್ನು ಹೊರಗೇ ತಳ್ಳುತ್ತಿದ್ದವು. ಖಾಲಿಯಾದ ಜಾಗವನ್ನು ತುಂಬಲು ಮೆಟ್ಟಿಲ ಕಡೆಯ ಗಾಳಿ ಬಾಗಿಲ ಸಂದಿನಿಂದ ನುಗ್ಗುತ್ತಿತ್ತು. ಮೇಲೆ ಭಾಭಿ ಸಂಜೆಯ ಅಡುಗೆಗೆ ಮೀನು ಹುರಿಯುತ್ತಿದ್ದರು. ನಾನು ಸ್ವಿಚ್ಚಿಗೆ ಕೈ ಹಾಕಿದೆ.

"ಮುಟ್ಟಬೇಡಿ!" ಎಂದಳು ಹೆಂಡತಿ. ಕಣ್ಣು ಮುಚ್ಚಿ ಮೂಗನ್ನು ಮೇಲಕ್ಕೆತ್ತಿದ್ದಳು. "ಎರಡು ವಾರದಿಂದ ಮೆಂತೆ, ಜೀರಿಗೆ, ಕರಿಮೆಣಸು ಬಿಟ್ಟು ಬೇರೆ ಎಂತದ್ದೂ ಇಲ್ಲ ನನಗೆ. ಇನ್ನು ಐದು ನಿಮಿಷ ಹೀಗೇ ಇರ್ಲಿ."

"ಬಾಣಂತಿಗೆ ಹುರಿದ ಮೀನು ನಂಜು," ಎಂದರು ಮಾಂಯ್.

"ವಾಸನೆ ಕೂಡ ನಂಜಾ ಮಮ್ಮಿ?"

ಮಾಂಯ್ ಬಳಿ ಅದಕ್ಕೆ ನಿಯಮ ಇರಲಿಲ್ಲ. ಐದು ನಿಮಿಷ ನಾವು ಮೂವರೂ ಮಂಚದ ಮೇಲೆ ಕುಳಿತು ಮೇಲಿನ ಮನೆಯ ಬಂಗುಡೆಯನ್ನು ಮೂಗಿನಿಂದಲೇ ಊಟ ಮಾಡಿದೆವು. ಹೆಂಡತಿ ನಡುನಡುವೆ "ಈಗ ತಿರುಗಿಸಿ ಹಾಕಿದ್ರು" ಎಂದು ವರದಿ ಕೊಡುತ್ತಿದ್ದಳು. ಆಮೇಲೆ ನಾನು ಫ್ಯಾನನ್ನು ಸರಿಯಾಗಿ ತಿರುಗಿಸಿ ಕೂರಿಸಿದೆ.

ಈ ಸಲ ಮಾಂಯ್ ಸುಮ್ಮನೆ ನಂಬಲು ತಯಾರಿರಲಿಲ್ಲ. ಒಂದು ಊದಿನಕಡ್ಡಿ ಹಚ್ಚಿ ಹೋಗುವ ಗಾಳಿಯ ಬಾಯಿಗೆ ಹಿಡಿದರು. ಹೊಗೆಯ ಎಳೆ ಬಾಗಿ ಒಳಗೆ ಹೋಯಿತು. ಬರುವ ಗಾಳಿಯ ಬಾಯಿಗೆ ಹಿಡಿದರು. ಎಳೆ ಹಿಂದಕ್ಕೆ ಬಾಗಿತು. ಕಡ್ಡಿಯನ್ನು ನಂದಿಸಿ, ಮಗುವಿನ ಸ್ನಾನದ ನೀರನ್ನು ಮುಟ್ಟಿ ನೋಡುವ ಹಾಗೆ ಅಂಗೈಯ ಹಿಂಭಾಗವನ್ನು ಆ ಗಾಳಿಗೆ ಒಡ್ಡಿದರು. ಒಂದು ಸಲ, ಎರಡು ಸಲ, ಮೂರು ಸಲ. ನಾನು ಹೀಟರನ್ನು ಬೇಕೆಂದೇ ದೂರ ಸರಿಸಿದ್ದೆ. ಥರ್ಮಾಮೀಟರ್ ಹಿಡಿದಿದ್ದೆ. ಹೊರಗೆ ಹದಿಮೂರು ಡಿಗ್ರಿ, ಕೋಣೆಯೊಳಗೆ ಇಪ್ಪತ್ತಮೂರು, ಪೈಪಿನಿಂದ ಬರುವ ಗಾಳಿ ಹತ್ತೊಂಬತ್ತು.

"ಇದು ಹೊರಗಿನ ಗಾಳಿ ಅಲ್ಲ," ಎಂದರು ಮಾಂಯ್. "ಹೊರಗಿನ ಗಾಳಿ ಇಷ್ಟು ಬೆಚ್ಚಗೆ ಎಲ್ಲಿರ್ತದೆ? ಒಳಗಿನದ್ದನ್ನೇ ತಿರುಗಿಸಿ ತಿರುಗಿಸಿ ಬಿಟ್ಟು ನನಗೆ ಮೋಸ ಮಾಡ್ತಿದ್ದಿ."

ಇದಕ್ಕೆ ಸಾಕ್ಷಿ ಬೇಕಿತ್ತು. ನಾನು ಮೆಟ್ಟಿಲ ಬುಡದಿಂದ ಭಾಭಿಯನ್ನು ಕೂಗಿ ವಿಷಯ ಹೇಳಿದೆ. ಅವರು ಮನೆಗೆ ಸುಗಂಧ ಹಿಡಿಯುವ ಬಖೂರಿನ ಧೂಪದಾನಿಯನ್ನು ತೆಗೆದುಕೊಂಡು ಕೆಳಗಿಳಿದು, ಅಂಗಳದಲ್ಲಿ ಹೊಸ ಗಾಳಿಯ ತೂತಿನಿಂದ ನಾಲ್ಕು ಹೆಜ್ಜೆ ದೂರ ನಿಂತರು. ಭಾಯ್ ಕೂಡ ಬಂದರು. ಈ ಸಲ ಕೈಯಲ್ಲಿ ಸಿಲಿಂಡರ್ ಇರಲಿಲ್ಲ, ಆದರೆ ಎಲ್ಲಿದೆ ಎಂದು ನೆನಪಿಟ್ಟುಕೊಂಡೇ ಬಂದಿದ್ದೇನೆ ಎಂದರು. ಒಳಗೆ ಮಾಂಯ್ ಪೈಪಿನ ಬಾಯಿಗೆ ಮೂಗು ಹಚ್ಚಿ ಕುಳಿತಿದ್ದರು.

"ಬಂತಾ?" ಎಂದು ಹೊರಗಿನಿಂದ ಭಾಭಿ.

"ಇಲ್ಲ."

"ಈಗ?"

ಮಾಂಯ್ ಮುಖ ನಿಧಾನವಾಗಿ ಅರಳಿತು. "ಬಂತು," ಎಂದರು ಪಿಸುದನಿಯಲ್ಲಿ. ಆಮೇಲೆ ಛಾವಣಿ ಹಾರುವಂತೆ, "ಬಂತು ಮಾರಾಯ್ತಿ! ಬೆಚ್ಚಗೆ ಬಂತು!"

ಹೊರಗೆ ಭಾಭಿ ಚಪ್ಪಾಳೆ ತಟ್ಟಿದರು. "ಯಾ ಅಲ್ಲಾ, ನಮ್ಮ ಬಖೂರು ಗೋಡೆ ದಾಟಿ ಹೋಯ್ತು ಕಾಣಿ!" ಎಂದು ಗಂಡನ ತೋಳನ್ನು ಹಿಡಿದು ಕುಲುಕಿದರು.

ಮಾಂಯ್ ಬಾಗಿ ಪೆಟ್ಟಿಗೆಯನ್ನು ಎಲ್ಲ ಕಡೆಯಿಂದ ನೋಡಿದರು. ನಾನು ಅಲ್ಯೂಮಿನಿಯಂ ಹಾಳೆಗಳ ವಿವರಣೆಯನ್ನು ಶುರು ಮಾಡಿದೆ. ಅವರು ಕೈಯೆತ್ತಿ ನನ್ನನ್ನು ನಿಲ್ಲಿಸಿದರು.

"ಗೊತ್ತಾಯ್ತು. ಮಂಗಳೂರು ಬಸ್ಸಿನಲ್ಲಿ ಒಬ್ಬ ಎದ್ದು ಇಳಿದು ಹೋಗ್ತಾನೆ. ಅವನ ಸೀಟಿನಲ್ಲಿ ನೀನು ಕೂತ್ಕೊಳ್ತಿ. ಅವನು ಯಾರೋ, ನೀನು ಯಾರೋ, ಮುಖ ಕೂಡ ನೋಡ್ಲಿಲ್ಲ. ಆದ್ರೆ ಸೀಟು ಬಿಸಿ ಉಂಟು. ಅಷ್ಟೇ ಅಲ್ವಾ?"

ಇದನ್ನು ಗಿರಾಕಿಗಳಿಗೆ ವಿವರಿಸಲು ನಮ್ಮ ಕಂಪನಿಯಲ್ಲಿ ಬಣ್ಣದ ಚಿತ್ರಗಳ ದೊಡ್ಡ ಪುಸ್ತಕವೇ ಇದೆ. ಅಂದಿನಿಂದ ನಾನು ಅದನ್ನು ತೆರೆದಿಲ್ಲ. ಬಸ್ಸಿನ ಸೀಟನ್ನೇ ಹೇಳುತ್ತೇನೆ, ಇಂಗ್ಲಿಷಿನಲ್ಲೂ, ನನ್ನ ಹರಕು ಅರಬಿಯಲ್ಲೂ. ಎಲ್ಲರಿಗೂ ತಿಳಿಯುತ್ತದೆ, ಎಲ್ಲರೂ ನಗುತ್ತಾರೆ.

ಮೂರು ದಿನಗಳಲ್ಲಿ ಹೀಟರನ್ನು ಕೊನೆಯ ಗುರುತಿನಿಂದ ಮೊದಲನೆಯದಕ್ಕೆ ಇಳಿಸಿದೆವು. ಬಾತ್‌ರೂಮಿನ ಫ್ಯಾನ್ ಸ್ನಾನದ ಹೊತ್ತಿಗೆ ಮಾತ್ರ. ಕಿಟಕಿಯ ಗಾಜು ಒಣಗಿತು. ಗೋಡೆಯ ಕಪ್ಪು ಚುಕ್ಕಿಗಳನ್ನು ಒರೆಸಿದ ಮೇಲೆ ಮತ್ತೆ ಬರಲಿಲ್ಲ. ಗೂಡಿನ ತಳದಲ್ಲಿ ಹನಿಹನಿಯಾಗಿ ನೀರು ಸೇರುತ್ತಿತ್ತು, ಅದಕ್ಕೆ ಒಂದು ಬಾಟಲಿ ಕಟ್ಟಿದೆ. ದಿನವೂ ಬೆಳಿಗ್ಗೆ ಮಾಂಯ್ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ "ಇವತ್ತು ಗಾಳಿ ಇಷ್ಟು ಬೆವರಿದೆ" ಎಂದು ಎಲ್ಲರಿಗೂ ತಿಳಿಸುತ್ತಿದ್ದರು. ಮನೆಯ ಹಿಂದೆ ಬೆಕ್ಕುಗಳು ಎರಡು ದಿನ ಕಾದವು. ಮೂರನೆಯ ದಿನ ಕಂದು ಬೆಕ್ಕು ನನ್ನ ಕಾರಿನ ಬಾನೆಟ್ಟಿನ ಮೇಲೆ ಕುಳಿತು ನಾನು ಹತ್ತಿರ ಹೋದರೂ ಇಳಿಯಲಿಲ್ಲ.

ಸಾಂಬ್ರಾಣಿಯ ಜಗಳಕ್ಕೂ ದಾರಿ ಸಿಕ್ಕಿತು. ಭಾನುವಾರ ಮಾತ್ರ, ಒಂದು ಚಿಟಿಕೆ, ಅಂಗಳದಲ್ಲಿ, ಹೊಸ ಗಾಳಿಯ ತೂತಿನಿಂದ ಹತ್ತು ಹೆಜ್ಜೆ ಆಚೆ. ಹೊಗೆ ಬೇಡ, ವಾಸನೆ ಸಾಕು ಎಂದು ಹೆಂಡತಿ ಅಪ್ಪಣೆ ಕೊಟ್ಟಳು. ಮಾಂಯ್ ಆ ಹತ್ತು ಹೆಜ್ಜೆಗಳನ್ನು ತಮ್ಮ ಪುಟ್ಟ ಪಾದಗಳಿಂದ ಅಳೆದರು.

ಅಷ್ಟರಲ್ಲಿ ನಮ್ಮ ಮನೆಗೆ ಜನ ಬರತೊಡಗಿದರು. ಮಗು ನೋಡಲು ಬಂದವರು ಪೆಟ್ಟಿಗೆ ನೋಡಿ ಹೋಗುತ್ತಿದ್ದರು. ಆಸ್ಪತ್ರೆಯ ನರ್ಸುಗಳು ಡ್ಯೂಟಿ ಮುಗಿಸಿ ಬಂದು "ಐದೇ ನಿಮಿಷ" ಎಂದು ಕಾಲು ಚಾಚಿ ಕೂತವರು ಅಲ್ಲೇ ನಿದ್ದೆ ಹೋಗುತ್ತಿದ್ದರು. ಭಾಯ್ ದಿನವೂ ಅಂಗಡಿಗೆ ಹೋಗುವ ಮುಂಚೆ ಬಾಗಿಲಲ್ಲಿ ನಿಂತು, "ಸಲಾಂ, ಗಾಳಿ ಹೇಗಿದೆ?" ಎಂದು ವಿಚಾರಿಸುತ್ತಿದ್ದರು. ಕೊನೆಗೆ ಒಂದು ದಿನ ತಮ್ಮ ತಾಯಿಯ ಕೋಣೆಗೂ ಒಂದು ಮಾಡಿಕೊಡಿ ಎಂದರು. ನಾನು ನನ್ನ ಬಿಡುವಿನ ಎರಡು ದಿನವನ್ನು ಅವರ ಮನೆಯ ಏಣಿಯ ಮೇಲೆ ಕಳೆದೆ. ಈ ಸಲ ಎರಡು ಫ್ಯಾನುಗಳ ಮೇಲೂ ಮಾಂಯ್ ಮೊದಲೇ ಸೀಮೆಸುಣ್ಣದಲ್ಲಿ ಬಾಣದ ಗುರುತು ಹಾಕಿ, ಕೆಳಗೆ "ಒಳಗೆ", "ಹೊರಗೆ" ಎಂದು ದುಂಡಗೆ ಬರೆದುಕೊಟ್ಟಿದ್ದರು.

ಫೆಬ್ರವರಿಯ ಕೊನೆಯ ಭಾಗದ ಒಂದು ಬೆಳಿಗ್ಗೆ ಮಾಂಯ್ ನನಗೆ ಕನ್ನಡದಲ್ಲಿ ಬೈಯುತ್ತಿದ್ದರು. ಪೆಟ್ಟಿಗೆಯ ಫಿಲ್ಟರ್ ತೊಳೆಯುವುದನ್ನು ನಾನು ಮರೆತಿದ್ದೆ. ಅದರಲ್ಲಿ ಮರಳಿನ ಧೂಳು ತುಂಬಿತ್ತು. ಮಗು ಮಂಚದ ಮೇಲೆ ಅಂಗಾತ ಮಲಗಿ ಕಾಲು ಒದೆಯುತ್ತಿತ್ತು.

"ಮಾಡಿದ ಮೇಲೆ ನೋಡಿಕೊಳ್ಳುವುದು ಯಾರು? ಪಕ್ಕದ ಮನೆಯವರಾ?" ಎಂದು ಮಾಂಯ್ ದನಿ ಏರಿಸಿದರು.

ಮಗು ನಕ್ಕಿತು.

ಮಾಂಯ್ ಅರ್ಧ ವಾಕ್ಯದಲ್ಲೇ ನಿಂತರು. ನಾನು ಫಿಲ್ಟರನ್ನು ಕೈಬಿಟ್ಟೆ. ಅದು ಬಿದ್ದು ಧೂಳೆದ್ದಿತು.

"ನಕ್ಕಳು!" ಎಂದೆ.

"ಗ್ಯಾಸ್," ಎಂದಳು ಹೆಂಡತಿ ಬಾತ್‌ರೂಮಿನಿಂದ ತಲೆ ಹೊರಹಾಕಿ. "ಈ ವಯಸ್ಸಿನಲ್ಲಿ ಹೆಚ್ಚಾಗಿ ಗ್ಯಾಸೇ."

"ನಿನ್ನ ನರ್ಸ್‌ಗಿರಿ ಆಸ್ಪತ್ರೆಯಲ್ಲಿ ಇಟ್ಕೋ," ಎಂದರು ಮಾಂಯ್. "ನನಗೆ ನಗು ಗೊತ್ತುಂಟು." ಅವರು ಮಂಚದ ಅಂಚಿಗೆ ಬಾಗಿ, ಗಂಟಲು ಸರಿಮಾಡಿಕೊಂಡು, ಮಗುವಿನ ಮುಖ ನೋಡುತ್ತ ನನ್ನನ್ನು ಮತ್ತೆ ಬೈಯತೊಡಗಿದರು. "ಧೂಳು ನೋಡು! ನಾಚಿಕೆ ಇಲ್ವಾ? ಎಷ್ಟು ಸಲ ಹೇಳ್ಬೇಕು?"

ಮಗಳು ತನ್ನ ಹಲ್ಲಿಲ್ಲದ ಬಾಯಿಯನ್ನು ಪೂರ್ತಿ ತೆರೆದು ನಕ್ಕಳು. ಈ ಸಲ ಹೆಂಡತಿಯೂ ನೋಡಿದಳು. ಒದ್ದೆ ತಲೆಯಲ್ಲೇ ಓಡಿ ಬಂದು ಮಂಚದ ಬಳಿ ಮೊಣಕಾಲೂರಿದಳು.

"ಗ್ಯಾಸ್ ಅಲ್ಲ," ಎಂದಳು. ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ತಲೆಯದ್ದೋ ಕಣ್ಣಿನದ್ದೋ ಗೊತ್ತಾಗಲಿಲ್ಲ. "ಇನ್ನೂ ಬೈಯಿರಿ ಮಮ್ಮಿ. ಬೇಗ."

"ಎಂತಕ್ಕೆ ಬೈಯ್ಲಿ? ಮುಗೀತಲ್ಲ."

"ಅವರಲ್ಲಿ ತಪ್ಪಿಗೆ ಕೊರತೆಯಾ? ಹುಡುಕಿ!"

ನಾನೇ ಸಹಾಯ ಮಾಡಿದೆ. ಗಂಜಿ ತಳ ಹಿಡಿಸಿದ್ದು, ಸ್ನಾನದ ಬಟ್ಟೆ ಒಣಹಾಕದ್ದು, ಫ್ಯಾನನ್ನು ತಿರುಗುಮುರುಗಾಗಿ ಕೂರಿಸಿದ್ದು, ಒಂದೊಂದನ್ನೂ ಮೆಲ್ಲಗೆ ನೆನಪಿಸಿದೆ. ಮಾಂಯ್ ಒಂದೊಂದಕ್ಕೂ ಶುದ್ಧ ಕನ್ನಡದಲ್ಲಿ, ಬೆರಳಾಡಿಸಿ ಬೈದರು. ಮಗು ಪ್ರತಿ ಸಲವೂ ನಕ್ಕಿತು. ಸ್ವಲ್ಪ ಹೊತ್ತಿಗೆ ಮಾಂಯ್‌ಗೆ ಬೈಯಲು ಆಗಲಿಲ್ಲ, ಮಂಚದ ಮೇಲೆ ಕುಳಿತುಬಿಟ್ಟರು. ನಗುತ್ತ ನಗುತ್ತ ಸೆರಗಿನಿಂದ ಮುಖ ಒರೆಸಿಕೊಂಡು, ನನ್ನ ಕಡೆ ಕೈ ಬೀಸಿ ಕೊಂಕಣಿಯಲ್ಲಿ, "ಹೋಗು ಪುತಾ, ಹೋಗಿ ಫಿಲ್ಟರ್ ತೊಳೆದು ಬಾ" ಎಂದರು.